ಚಾಚಿಯ ಅಂಗೈಯ ಗಂಟು

ಮೊನ್ನೆ ಬಳೆ ಅಂಗಡಿಯಲ್ಲಿ ಸಾಬೂನಿನ ವಾಸನೆ ಮೂಗಿಗೆ ಬಡಿಯಿತು. ಬಸುರಿ ಮೊಮ್ಮಗಳಿಗೆ ಏಳು ತಿಂಗಳು. ಬಸುರಿಯ ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಅದಕ್ಕೆ ಹಸಿರು ಬಳೆ ಇಡಿಸಲೆಂದು ಅವಳನ್ನೂ ಅವಳ ತಾಯಿಯಾದ ನನ್ನ ಮಗಳನ್ನೂ ಕರೆದುಕೊಂಡು ಹುಬ್ಬಳ್ಳಿ ಪೇಟೆಗೆ ಹೋಗಿದ್ದೆ. ಅಂಗಡಿಯಾಕೆ ಒಂದು ಮಾತೂ ಆಡದೆ ಮೊಮ್ಮಗಳ ಕೈ ಎಳೆದುಕೊಂಡು, ಮೊಣಕೈವರೆಗೂ ಸಾಬೂನಿನ ನೊರೆ ಬಳಿದು, ಬಳೆ ನೂಕತೊಡಗಿದಳು. ಹೆಬ್ಬೆರಳಿನ ಬುಡದಲ್ಲಿ ಬಳೆ ಸಿಕ್ಕಿಕೊಂಡಿತು. ಹುಡುಗಿ ತುಟಿ ಕಚ್ಚಿದಳು. ನನಗೆ ಸಿಟ್ಟು ಬಂತು. ಸಾಬೂನು ಹಚ್ಚಿ ಬಳೆ ಇಡುವುದು ಕೈಗುಣ ಇಲ್ಲದವರ ಕೆಲಸ ಎಂದು ನಮ್ಮ ಬಳೆಗಾರ ಚಾಚಿ ಹೇಳುತ್ತಿದ್ದಳು.

ಚಾಚಿ ನೆನಪಾಗಿ ಬಹಳ ವರ್ಷವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬಳೆ ಕಂಡಾಗಲೆಲ್ಲ ಆಕೆ ನೆನಪಾಗುತ್ತಾಳೆ. ನಾನೇ ಮುಖ ಆಚೆ ತಿರುಗಿಸಿಕೊಂಡು ಇಷ್ಟು ವರ್ಷ ದೂಡಿದ್ದೇನೆ.

ನಾನು ಮದುವೆಯಾಗಿ ಹಳೇ ಹುಬ್ಬಳ್ಳಿಯ ಓಣಿಗೆ ಬಂದಾಗ ಇನ್ನೂ ಬ್ರಿಟಿಷರ ಕಾಲ. ಓಣಿಗೆ ಕರೆಂಟು ಬಂದಿರಲಿಲ್ಲ. ನನ್ನ ಗಂಡ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಮನೆಯಲ್ಲಿ ಅವರು, ನಾನು, ನಮ್ಮತ್ತೆ, ಮೂರೇ ಜನ. ಚಾಚಿ ಎರಡು ಓಣಿ ಆಚೆಗೆ ಇದ್ದಳು. ಬಳೆಗಾರನ ಹೆಂಡತಿ. ಆತ ತೀರಿಕೊಂಡ ಮೇಲೆ ಬಳೆಯ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗುತ್ತಿದ್ದಳು. ದಾರಕ್ಕೆ ಪೋಣಿಸಿದ ಬಳೆಯ ಗೊಂಚಲುಗಳು ಹೆಗಲ ಹಿಂದೆ ಮುಂದೆ ತೂಗಾಡಿ, ಆಕೆ ಓಣಿಯ ತಿರುವಿನಲ್ಲಿ ಇರುವಾಗಲೇ ನಮಗೆ ಸಪ್ಪಳ ಕೇಳುತ್ತಿತ್ತು. ಊರಿಗೆಲ್ಲ ಬಳೆ ಇಡುವ ಆಕೆಯ ಕೈ ಮಾತ್ರ ಬರಿದು.

ಬಳೆ ಇಡುವುದರಲ್ಲಿ ಆಕೆಯದೊಂದು ರೀತಿ ಇತ್ತು. ನಮ್ಮ ಕೈಯನ್ನು ತನ್ನ ಬಲ ಅಂಗೈಯಲ್ಲಿಟ್ಟುಕೊಂಡು ರೊಟ್ಟಿಯ ಹಿಟ್ಟು ನಾದುವ ಹಾಗೆ ನಿಧಾನವಾಗಿ ನಾದುವಳು. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಬಳೆಯನ್ನು ಗಿಣ್ಣಿನವರೆಗೆ ತಂದು ನಿಲ್ಲಿಸುವಳು. ಇನ್ನೇನು ನೋವು ಆಗುತ್ತದೆ ಎಂದು ನಾವು ಉಸಿರು ಹಿಡಿದಾಗ ಒಂದು ಪ್ರಶ್ನೆ ಕೇಳುವಳು. ಸುಮ್ಮನೆ ಹೌದು, ಅಲ್ಲ ಎಂದು ಮುಗಿಸುವ ಪ್ರಶ್ನೆಯಲ್ಲ. ಸ್ವಲ್ಪ ಯೋಚಿಸಿ, ಎಣಿಸಿ ಉತ್ತರ ಹೇಳಬೇಕು. ನಿಮ್ಮ ತವರಿನ ಬಾವಿಗೆ ಮೆಟ್ಟಿಲು ಎಷ್ಟು? ನಿಮ್ಮ ಎಮ್ಮೆ ಹಿಂದಿನ ಸಲ ಈದದ್ದು ಯಾವಾಗ? ನಾವು ಲೆಕ್ಕ ಹಾಕುತ್ತ ಬಾಯಿ ತೆರೆಯುವಷ್ಟರಲ್ಲಿ ಬಳೆ ಮುಂಗೈಗೆ ಏರಿರುತ್ತಿತ್ತು. ಎಷ್ಟೋ ಸಲ ಆಕೆ ಉತ್ತರವನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅಪರೂಪಕ್ಕೆ ಒಂದು ಬಳೆ ಒಡೆದರೆ ಒಡೆಯಿತು ಎನ್ನುತ್ತಿರಲಿಲ್ಲ, ಹೆಚ್ಚಿತು ಎನ್ನುತ್ತಿದ್ದಳು. ಹಾಗೆನ್ನುವುದು ನಮ್ಮಲ್ಲೂ ವಾಡಿಕೆ.

ಆಕೆಯ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ ಸ್ವಲ್ಪ ಕೆಳಗೆ, ಒಂದು ಗಂಟು ಇತ್ತು. ನಾನು ಮೊದಲು ಕಂಡಾಗ ಹುಣಸೆ ಬೀಜದಷ್ಟು. ಬಳೆಗಾರರ ಕೈ ದಡ್ಡುಗಟ್ಟುವುದು ಇದ್ದದ್ದೇ. ಸಾವಿರ ಕೈ ನಾದಿದ ಕೈ ಅದು. ಆಕೆಯೂ ಹಾಗೆಂದುಕೊಂಡಿದ್ದಳು, ನಾವೂ ಹಾಗೆಂದುಕೊಂಡಿದ್ದೆವು. ಅಷ್ಟಕ್ಕೇ ಮುಗಿದಿದ್ದರೆ ಯಾರಾದರೂ ಒಂದು ದಿನ ಅದನ್ನು ತೋರಿಸಿಕೋ ಎನ್ನುತ್ತಿದ್ದರೋ ಏನೋ. ಆದರೆ ನಮ್ಮ ಎದುರುಮನೆಯ ಹತ್ತಿ ದಲಾಲರ ಹೆಂಡತಿಗೆ ಎಂಟು ವರ್ಷ ಮಕ್ಕಳಾಗದೆ, ಒಂದು ಶ್ರಾವಣದಲ್ಲಿ ಚಾಚಿಯ ಕೈಯಿಂದ ಬಳೆ ಇಡಿಸಿಕೊಂಡ ಮರುತಿಂಗಳೇ ಬಸುರು ನಿಂತಿತು. ಬಳೆ ಏರುವಾಗ ಅಂಗೈಗೆ ಏನೋ ಗುಂಡಗೆ ಒತ್ತಿದ ಹಾಗಾಯಿತು, ಮೈ ಜುಮ್ಮೆಂದಿತು ಎಂದು ಆಕೆ ನೀರಿಗೆ ಬಂದವರಿಗೆಲ್ಲ ಹೇಳಿದಳು. ಗಂಡು ಮಗು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಚಾಚಿಯದು ಗಂಟಿನ ಕೈ, ತುಂಬಿದ ಕೈ ಎಂದು ಹಳೇ ಹುಬ್ಬಳ್ಳಿಯೆಲ್ಲ ಆಯಿತು. ಮದುವಣಗಿತ್ತಿಯರಿಗೆ, ಬಸುರಿಯರಿಗೆ ಆಕೆಯೇ ಬಳೆ ಇಡಬೇಕು. ಇಟ್ಟ ಮೇಲೆ ಸುತ್ತಲಿದ್ದ ಹೆಂಗಸರೆಲ್ಲ ತಮ್ಮ ಅಂಗೈಯನ್ನು ಆ ಗಂಟಿಗೆ ಒತ್ತಿ ಕಣ್ಣಿಗೆ ಮುಟ್ಟಿಸಿಕೊಳ್ಳುವರು. ಚಾಚಿ ಮೊದಮೊದಲು ನಗುತ್ತಿದ್ದಳು. ದೇವರು ನನ್ನ ಕೈಯಲ್ಲಿ ಒಂದು ಕಡಲೆ ಇಟ್ಟು ಮರೆತಿದ್ದಾನೆ ಎನ್ನುತ್ತಿದ್ದಳು. ಬರಬರುತ್ತ ಆಕೆಗೂ ಅದು ನಿಜವೆನಿಸಿತ್ತೆಂದು ತೋರುತ್ತದೆ.

ನನಗೆ ಎರಡು ಬಸುರು ನಿಂತಿರಲಿಲ್ಲ. ಒಂದು ಮೂರು ತಿಂಗಳಿಗೆ, ಇನ್ನೊಂದು ನಾಲ್ಕಕ್ಕೆ ಹೋಯಿತು. ಅತ್ತೆ ಕೆಟ್ಟವರಲ್ಲ, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನಾನು ಅಂಗಳದಲ್ಲಿ ಬಟ್ಟೆ ಹಿಂಡುವಾಗ ಅವರು ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದ ನೋಟ ಇನ್ನೂ ಕಣ್ಣಲ್ಲಿದೆ. ಮೂರನೆಯದು ನಾಲ್ಕು ದಾಟಿ ಐದಕ್ಕೆ ಬಿದ್ದಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಏಳಕ್ಕೆ ಕುಬಸ, ಚಾಚಿಯ ಕೈಯಿಂದ ಹಸಿರು ಬಳೆ, ಆಮೇಲೆ ತವರು ಎಂದು ಅತ್ತೆ ನಿಶ್ಚಯ ಮಾಡಿದರು. ನಾನೂ ಆ ಗಂಟನ್ನೇ ನೆಚ್ಚಿಕೊಂಡೆ. ನಾಲ್ಕನೆಯ ಇಯತ್ತೆ ಓದಿದವಳು, ಕಂಪೌಂಡರನ ಹೆಂಡತಿ... ಆದರೂ ನೆಚ್ಚಿಕೊಂಡೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಚಾಚಿ ಪಡಸಾಲೆಯಲ್ಲಿ ಕೂತು ಅತ್ತೆಗೆ ಬಳೆ ಇಡುತ್ತಿದ್ದಳು. ಇವರು ಊಟಕ್ಕೆ ಬಂದವರು ಚಪ್ಪಲಿ ಬಿಡುತ್ತ ಆಕೆಯ ಕೈ ನೋಡಿದರು. ದಿನವೂ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕಣ್ಣು ಅವರದು. ಗಂಟು ಆಗಲೇ ಅಡಕೆಯಷ್ಟಾಗಿತ್ತು. ಅದರ ಮೇಲಿನ ಚರ್ಮ ಕೆಂಪಾಗಿ, ನಡುವೆ ಸಣ್ಣದೊಂದು ಬಿರುಕು ಇತ್ತು. ಪರ ಹೆಂಗಸಿನೊಂದಿಗೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಒಳಗೆ ಬಂದು ನನ್ನನ್ನು ಕರೆದರು.

"ಅದು ದುಡದು ಗಟ್ಟಿಯಾದ ಚರ್ಮ ಅಲ್ಲ. ಒಳಗಿಂದ ಬೆಳದೈತಿ. ನಾಳೆನ ದವಾಖಾನಿಗೆ ಬಾ ಅಂತ ಆಕಿಗೆ ಹೇಳು."

ಹೂಂ ಎಂದೆ. ಹೊರಗೆ ಬಂದೆ. ಚಾಚಿ ಅತ್ತೆಗೆ ಯಾವುದೋ ಪ್ರಶ್ನೆ ಕೇಳಿ ಬಳೆ ಏರಿಸುತ್ತಿದ್ದಳು. ನಾನು ಹೇಳಿದರೆ ಡಾಕ್ಟರು ಕುಯ್ದುಬಿಡುತ್ತಾರೆ. ಗಂಟು ಹೋಗುತ್ತದೆ. ಕುಬಸಕ್ಕೆ ಗಂಟಿನ ಕೈ ಇರುವುದಿಲ್ಲ. ಇನ್ನೆರಡು ತಿಂಗಳು ತಾನೇ, ಇಷ್ಟು ವರ್ಷ ಇದ್ದದ್ದು ಎರಡು ತಿಂಗಳಲ್ಲಿ ಏನಾದೀತು ಎಂದುಕೊಂಡೆ. ಮಜ್ಜಿಗೆ ಬೇಕೇನು ಎಂದು ಚಾಚಿಯನ್ನು ಕೇಳಿ, ತಂದುಕೊಟ್ಟೆ. ಅಷ್ಟೇ.

ನಾಲ್ಕು ದಿನದ ಮೇಲೆ ಇವರು ಕೇಳಿದರು.

"ಆಕಿಗೆ ಹೇಳಿದ್ಯೇನು? ಬರಲಿಲ್ಲಲ್ಲ."

"ಹೇಳೀನ್ರಿ. ದವಾಖಾನಿ ಅಂದ್ರ ಅಂಜತಾಳ. ಬರೂದಿಲ್ಲಂತ."

ದವಾಖಾನೆಗೆ ಅಂಜುವವರನ್ನು ಇವರು ದಿನವೂ ಕಾಣುತ್ತಿದ್ದರು. ಆಕೆಯ ಹಣೆಬರಹ ಎಂದು ಸುಮ್ಮನಾದರು. ನಾನಾಗ ಇಪ್ಪತ್ತರವಳು ಎಂದು ಈಗ ನೆವ ಹೇಳಬಹುದು. ಇಪ್ಪತ್ತಕ್ಕೆ ಬುದ್ಧಿ ಇರುತ್ತದೆ. ನನಗೂ ಇತ್ತು, ಅದಕ್ಕೇ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದೆ.

ಕುಬಸದ ದಿನ ಪಡಸಾಲೆ ತುಂಬ ಹೆಂಗಸರು. ನನಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಚಾಚಿ ಎದುರಿಗೆ ಕೂತು ನನ್ನ ಕೈ ಹಿಡಿದಳು. ಅಂಗೈಗೆ ಗಂಟು ತಾಗಿತು. ಈಗ ಅದು ಇನ್ನೂ ದೊಡ್ಡದಾಗಿತ್ತು, ಗಟ್ಟಿಯಾಗಿತ್ತು, ಬಿಸಿಯಾಗಿತ್ತು. ನಾದುವಾಗ ನೋವು ನನಗಲ್ಲ, ಆಕೆಗೆ ಆಗುತ್ತಿತ್ತು. ಪ್ರತಿ ಬಳೆಗೂ ಆಕೆಯ ಕೆಳದುಟಿ ಒಳಗೆ ಹೋಗುವುದು ನನಗೆ ಕಾಣುತ್ತಿತ್ತು. ಆದರೂ ಮೊಣಕೈವರೆಗೆ ಇಟ್ಟಳು, ಕೊನೆಗೆ ಒಂದು ಕೈಗೆ ಇನ್ನೂ ಒಂದು ಬಳೆ ಇಟ್ಟಳು. ಒಂದೂ ಹೆಚ್ಚಲಿಲ್ಲ, ಒಳ್ಳೆಯ ಲಕ್ಷಣ ಎಂದು ಎಲ್ಲರೂ ಸಂತೋಷಪಟ್ಟರು. ನಾನು ವಾಡಿಕೆಯಂತೆ ಆಕೆಗೆ ನಮಸ್ಕಾರ ಮಾಡಿದೆ. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಗಂಟಿಗೆ ಅಂಗೈ ಒತ್ತಿದರು. ಒಬ್ಬಾಕೆ ಬಲವಾಗಿಯೇ ಒತ್ತಿದಳು. ಚಾಚಿಯ ಕಣ್ಣಲ್ಲಿ ನೀರು ತುಂಬಿತು. ಸಂತೋಷಕ್ಕೆ ಎಂದು ಯಾರೋ ಅಂದರು. ನಾನು ತಲೆ ಬಗ್ಗಿಸಿ ನನ್ನ ಬಳೆ ನೋಡುತ್ತ ಕೂತೆ. ಅಲ್ಲಿದ್ದ ಅಷ್ಟೂ ಜನರಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಮರುದಿನ ತವರಿಗೆ ಹೋದೆ. ನನ್ನ ತವರು ಧಾರವಾಡದ ಕೆಲಗೇರಿ. ಅಲ್ಲಿ ಹೆಣ್ಣು ಮಗು ಹುಟ್ಟಿತು, ಉಳಿಯಿತು. ಕೆರೆಯ ದಂಡೆಯ ಗಾಳಿಗೆ ಮಗು ಮೈತುಂಬಿಕೊಂಡಿತು. ಬಾಣಂತನ, ತೊಟ್ಟಿಲು, ಹೆಸರಿಡುವುದು ಎಂದು ಐದು ತಿಂಗಳು ಸರಿದವು. ಚಾಚಿಯ ಕೈ ನಡುನಡುವೆ ನೆನಪಾಗುತ್ತಿತ್ತು. ಮಗುವಿಗೆ ಹಾಲು ಕುಡಿಸುತ್ತ ಮರೆಯುತ್ತಿದ್ದೆ. ಎರಡು ತಿಂಗಳು ಎಂದುಕೊಂಡದ್ದು ಒಂಬತ್ತು ತಿಂಗಳಾಗಿತ್ತು.

ಹುಬ್ಬಳ್ಳಿಗೆ ಮರಳಿ ಬಂದ ವಾರ ಮಲಾರದ ಸಪ್ಪಳ ಕೇಳಲಿಲ್ಲ. ಅದರ ಮರುವಾರವೂ ಇಲ್ಲ. ಕೈಗೆ ಹುಣ್ಣಾಗಿದೆಯಂತೆ, ಬಟ್ಟೆ ಕಟ್ಟಿಕೊಂಡು ಮನೆಯಲ್ಲೇ ಇದ್ದಾಳಂತೆ ಎಂದು ಅತ್ತೆ ಹೇಳಿದರು. ಅವತ್ತೇ ಮಧ್ಯಾಹ್ನ ಇವರ ತಾಟಿಗೆ ಅನ್ನ ಬಡಿಸಿ, ಆಕೆಗೆ ನಾನು ಹೇಳಿಯೇ ಇರಲಿಲ್ಲ ಎಂದು ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತಾಟು ಸರಿಸಿ ಎದ್ದು, ಟೊಪ್ಪಿಗೆ ಹಾಕಿಕೊಂಡು, ಪದ್ಧತಿ ಗಿದ್ಧತಿ ನೋಡದೆ ನೆಟ್ಟಗೆ ಚಾಚಿಯ ಮನೆಗೆ ಹೋದರು. ಸಂಜೆಯೊಳಗೆ ಆಕೆಯನ್ನು ಡಾಕ್ಟರರ ಮುಂದೆ ಕೂರಿಸಿದ್ದರು.

ಡಾಕ್ಟರು ಬಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿದರಂತೆ. ತೊಡೆಯಲ್ಲಿ, ಬೆನ್ನಿನಲ್ಲಿ ಮಾಂಸದ ಗಡ್ಡೆ ಕಂಡಿದ್ದೇನೆ, ಅಂಗೈಯಲ್ಲಿ ಇಂಥದ್ದು ನನ್ನ ಇಷ್ಟು ವರ್ಷದಲ್ಲಿ ಕಂಡಿಲ್ಲ, ಇದಕ್ಕೆ ಏನು ಹೆಸರೆಂದೂ ನನಗೆ ಗೊತ್ತಿಲ್ಲ ಎಂದರಂತೆ. ಕುಯ್ದು ತೆಗೆದರೆ ಮತ್ತೆ ಬರುತ್ತದೆ. ಮುಂಗೈ ಮೇಲಿನಿಂದ ಕೈಯನ್ನೇ ತೆಗೆಯಬೇಕು, ಅರ್ಧ ದಿನದ ರೈಲಿನ ದಾರಿಯಲ್ಲಿ ದೊಡ್ಡ ಆಸ್ಪತ್ರೆ ಇದೆ, ನಾನೇ ಚೀಟಿ ಬರೆದು ಕೊಡುತ್ತೇನೆ ಎಂದು ಹೇಳಿದರಂತೆ. ಚಾಚಿ ಅಳಲಿಲ್ಲ. ಆಕೆ ಡಾಕ್ಟರರಿಗೆ ಹೇಳಿದ ಮಾತನ್ನು ಇವರು ಮನೆಗೆ ಬಂದು ನನಗೆ ಹೇಳಿದರು.

"ಎಡಗೈಲೆ ರೊಟ್ಟಿ ತಿಂದೇನ್ರಿ ಸಾಹೇಬ್ರ. ಆದ್ರ ಬಳಿ ಇಡಾಕ ಎರಡು ಕೈ ಬೇಕಲ್ರಿ. ಮೋಟಗೈ ಬಳಿಗಾರ್ತಿನ್ನ ಯಾರು ಹೊಸ್ತಿಲಾ ದಾಟಿಸ್ತಾರ?"

ಅದು ಬರಿಯ ಮೊಂಡತನವಲ್ಲ. ಆಕೆ ಹೇಳಿದ್ದು ಖರೆ. ಅಂಗಹೀನರ ಕೈಯಿಂದ ಮುತ್ತೈದೆಯರು ಬಳೆ ಇಡಿಸಿಕೊಳ್ಳುವ ಓಣಿ ನಮ್ಮದಾಗಿರಲಿಲ್ಲ. ರೋಗದ ಸುದ್ದಿ ಹಬ್ಬಿದ್ದೇ ತಡ, ಗಂಟಿಗೆ ಅಂಗೈ ಒತ್ತಿದವರೆಲ್ಲ ಮನೆಗೆ ಹೋಗಿ ಅರಿಶಿನ ಹಚ್ಚಿ ಕೈ ತೊಳೆದುಕೊಂಡರು. ದಲಾಲರ ಹೆಂಡತಿ ಮಗನನ್ನು ಕರೆದುಕೊಂಡು ಯಾವುದೋ ದೇವರಿಗೆ ಹೋಗಿಬಂದಳು. ಅತ್ತೆ ಪಾಪ ಪಾಪ ಎನ್ನುತ್ತಲೇ, ಚಾಚಿ ಮಜ್ಜಿಗೆ ಕುಡಿಯುತ್ತಿದ್ದ ಲೋಟವನ್ನು ಅಟ್ಟಕ್ಕೆ ಹಾಕಿದರು. ನಾನು ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ಚಾಚಿ ಸೊಪ್ಪು ಅರೆದು ಕಟ್ಟಿಸಿಕೊಂಡಳು. ದರ್ಗಾದ ಬೂದಿ ಹಚ್ಚಿಕೊಂಡಳು. ಯಾರದೋ ಮಾತು ಕೇಳಿ ಕಾದ ಕಬ್ಬಿಣದಿಂದ ಬರೆ ಹಾಕಿಸಿಕೊಂಡಳು. ಇವರು ದಿನ ಬಿಟ್ಟು ದಿನ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದರು. ಮನೆಗೆ ಬಂದರೆ ನನ್ನೊಂದಿಗೆ ಹೆಚ್ಚು ಮಾತಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಮುಂಗೈಯಲ್ಲಿ ಇನ್ನೊಂದು ಗಂಟು ಎದ್ದಿತು, ಅದರ ಮೇಲೆ ಮತ್ತೊಂದು. ಬಳೆ ಏರುವ ದಾರಿಯಲ್ಲೇ ಮೊಣಕೈಯತ್ತ ಏರಿದವು.

ಆಗ ಚಾಚಿ ತಾನಾಗಿಯೇ ಕೈ ತೆಗೆಸಿಬಿಡಿ ಎಂದಳು. ಇವರು ಓಡೋಡಿ ಬಂದು ಡಾಕ್ಟರರನ್ನು ಕರೆದೊಯ್ದರು. ಡಾಕ್ಟರು ಆಕೆಯ ಕಂಕುಳಿಗೆ ಕೈಯಿಟ್ಟು ನೋಡಿದರು. ಎದೆಗೆ ನಳಿಕೆಯಿಟ್ಟು ಕೆಮ್ಮು ಕೇಳಿದರು. ಆಮೇಲೆ ಅಂಗಳಕ್ಕೆ ಬಂದು ಇವರು ನೀರು ಹಾಕುತ್ತಿದ್ದರೆ ಬಹಳ ಹೊತ್ತು ಕೈ ತೊಳೆದರಂತೆ.

"ಎದಿಗೂ ಹಬ್ಬೈತಿ, ಈಗ ಕೈ ತಗದು ಉಪಯೋಗಿಲ್ಲ. ಸುಮ್ಮನ ಯಾಕ ತ್ರಾಸು ಕೊಡೋಣ."

ಇವರು ನನ್ನ ಸಲುವಾಗಿ ಒಂದು ಮಾತು ಕೇಳಿದರು. ಒಂದು ವರ್ಷ ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು. ಹೇಳಲು ಬರುವುದಿಲ್ಲ ಎಂದರಂತೆ ಡಾಕ್ಟರು. ಅವರು ಒಳ್ಳೆಯವರು, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರಲ್ಲ. ಉಳಿಯುತ್ತಿದ್ದಳು ಎಂದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ, ಇಲ್ಲ ಎಂದಿದ್ದರೆ ಉಸಿರು ಬಿಡುತ್ತಿದ್ದೆ. ಎರಡೂ ನನಗೆ ಸಿಗಲಿಲ್ಲ.

ಕೊನೆಯ ಸಲ ಆಕೆಯ ಮನೆಗೆ ನಾನೇ ಹೋದೆ. ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕು ಎಂದುಕೊಂಡು ಹೋದೆ. ಗಂಡನ ಮನೆಯಿಂದ ಆಕೆಯ ಮಗಳು ಬಂದಿದ್ದಳು. ಚಾಚಿ ಹೊರಸಿನ ಮೇಲೆ ಮಲಗಿದ್ದಳು. ಬಲಗೈಯನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನ ಮೇಲಿಟ್ಟಿದ್ದರು. ಬೇವಿನ ಹೊಗೆಯ ಕೆಳಗೆ ಇನ್ನೊಂದು ವಾಸನೆ ಇತ್ತು... ಅದನ್ನು ಬರೆಯಲಾರೆ. ನನ್ನನ್ನು ಕಂಡು ಆಕೆಯ ಮುಖ ಅರಳಿತು.

"ಛಲೋ ಆತು ಬಂದಿ ತಂಗಿ. ಕೈ ಕೊಡು. ಇಕಿಗೆ ಬಳಿ ಇಡೂದು ಕಲಸಾಕ ಒಂದು ಕೈ ಬೇಕಾಗಿತ್ತು."

ಮಗಳು ನನ್ನ ಮುಂದೆ ಕೂತು ಕೈ ಹಿಡಿದಳು. ಚಾಚಿ ಮಲಗಿದಲ್ಲಿಂದಲೇ ಬಾಯಲ್ಲಿ ಹೇಳಿಕೊಡುತ್ತಿದ್ದಳು: ಇಲ್ಲಿ ಒತ್ತು, ಹೆಬ್ಬೆರಳು ಮಡಿಸು, ಅವಸರ ಮಾಡಬೇಡ. ಮಗಳಿಗೆ ಕೈಗುಣ ಇರಲಿಲ್ಲ. ಮೊದಲ ಬಳೆ ಚಟಕ್ಕೆಂದಿತು. ಹೆಚ್ಚಿತು, ಇನ್ನೊಂದು ತಗೋ ಎಂದಳು ಚಾಚಿ. ಎರಡನೆಯದು ಗಿಣ್ಣಿಗೆ ಬಂದು ನಿಂತಿತು. ನನಗೆ ನೋಯುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಚಾಚಿ, ನಿಮ್ಮನ್ನ ದವಾಖಾನಿಗೆ ಕರಿ ಅಂತ ನಮ್ಮ ಮನಿಯವರು ಕುಬಸಕ್ಕಿಂತ ಮೊದಲ ಹೇಳಿದ್ರು. ನಾ ನಿಮಗ ಹೇಳಲಿಲ್ಲ."

ಚಾಚಿ ಕಣ್ಣು ಮುಚ್ಚಿದ್ದಳು. ಕಣ್ಣು ತೆರೆಯದೆಯೇ ಕೇಳಿದಳು.

"ನಿನ್ನ ಮಗಳಿಗೆ ಹಲ್ಲು ಎಷ್ಟು ಬಂದಾವು?"

"ನಾಲ್ಕು," ಎಂದೆ. "ಕೆಳಗ ಎರಡು, ಮ್ಯಾಲ..."

ಬಳೆ ಮುಂಗೈಗೆ ಏರಿತ್ತು. ನೋಡಿದಿಯಾ, ಹೀಗೆ ಕೇಳಬೇಕು ಎಂದು ಮಗಳಿಗೆ ಹೇಳಿ ಚಾಚಿ ಗೋಡೆಯ ಕಡೆ ಹೊರಳಿದಳು. ಇನ್ನೊಮ್ಮೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಎದ್ದು ಬಂದೆ. ಹನ್ನೆರಡು ದಿನಕ್ಕೆ ಆಕೆ ಹೋದಳು.

ಆಕೆ ನನ್ನ ಮಾತು ಕೇಳಿಸಿಕೊಂಡಿದ್ದಳೇ? ಕೇಳಿಸಿಕೊಂಡು, ನನಗೆ ನೋವಾಗದಿರಲೆಂದು ಆ ಪ್ರಶ್ನೆ ಕೇಳಿದಳೇ? ಅಥವಾ ಜ್ವರದ ಮಂಪರಿನಲ್ಲಿ ನನ್ನ ಮಾತು ಕಿವಿಗೇ ಬೀಳದೆ, ಮಗಳಿಗೆ ಕಸುಬು ಕಲಿಸುತ್ತಿದ್ದಳೇ? ಐವತ್ತು ವರ್ಷದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಆ ಬಳೆಯನ್ನು ಜೋಪಾನ ಮಾಡಿ ಬಹಳ ವರ್ಷ ಕೈಯಲ್ಲಿ ಉಳಿಸಿಕೊಂಡಿದ್ದೆ. ಇವರು ಹೋದ ದಿನ ಉಳಿದ ಬಳೆಗಳ ಜೊತೆ ಅದನ್ನೂ ತೆಗೆದರು. ನಾನು ಹೇಳಿದ ಸುಳ್ಳು ಗೊತ್ತಿದ್ದವರು ಅವರೊಬ್ಬರೇ.

ಮೊನ್ನೆ ಅಂಗಡಿಯಲ್ಲಿ ನಾನು ಅಂಗಡಿಯಾಕೆಯನ್ನು ಸರಿಸಿ, ಮೊಮ್ಮಗಳ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟುಕೊಂಡೆ. ನೊರೆ ಜಾರುತ್ತಿತ್ತು. ಹೆಬ್ಬೆರಳು ಮಡಿಸಿ, ನಿಮ್ಮ ಮನೆಯ ಮಹಡಿಗೆ ಮೆಟ್ಟಿಲು ಎಷ್ಟೇ ಎಂದು ಕೇಳಿದೆ. ಅವಳು ಕಣ್ಣು ಮೇಲೆ ಮಾಡಿ ಎಣಿಸತೊಡಗಿದಳು. ಬಳೆ ಏರಿತು. ಅಜ್ಜಿ ಕೈಯಲ್ಲಿ ಏನೋ ಇದೆ ಎಂದು ನಕ್ಕಳು.

ನನ್ನ ಮಗಳು ಅಂಗಡಿಯಾಕೆಗೆ ಶುರುಮಾಡಿದಳು. ತಾನು ಹುಟ್ಟಿದ್ದೇ ಒಬ್ಬ ಬಳೆಗಾರ್ತಿಯ ಕೈಗುಣದಿಂದ, ಆಕೆಯ ಅಂಗೈಯಲ್ಲಿ ಒಂದು ದೈವದ ಗಂಟು ಇತ್ತಂತೆ, ಅದನ್ನು ಮುಟ್ಟಿದವರಿಗೆ ಮಕ್ಕಳು ನಿಲ್ಲುತ್ತಿದ್ದವಂತೆ... ಅತ್ತೆ ಅವಳಿಗೆ ಹೇಳಿಕೊಟ್ಟ ಕಥೆ. ಅವಳು ಅದನ್ನು ಯಾವಾಗಲೂ ಖುಷಿಯಿಂದ ಹೇಳುತ್ತಾಳೆ. ಈ ಸಲವಾದರೂ ತಡೆದು, ಅದು ಹಾಗಲ್ಲ ಎನ್ನಬೇಕೆಂದುಕೊಂಡೆ. ಮೊಮ್ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ಅಂಗಡಿಯ ಮೂಲೆಯಲ್ಲಿ ನಲ್ಲಿ ಇತ್ತು. ಕಥೆ ಮುಗಿಯುವವರೆಗೆ ನಾನು ಅಲ್ಲಿ ನಿಂತು ಕೈ ತೊಳೆಯುತ್ತಿದ್ದೆ.